ಪಿಯುಸಿಗೂ ಸಿಇಟಿಗೂ ನಡುವಿನ ನಾಲ್ಕು ವಾರ

ಮಾರ್ಚ್ ಮೂರನೇ ವಾರ ದಾಟಿತೆಂದರೆ ಹಳಿಯಾಳ ತಾಲ್ಲೂಕಿನ ತೇರಗಾಂವದಂಥ ಊರುಗಳಲ್ಲಿ, ದ್ವಿತೀಯ ಪಿಯುಸಿ ವಿಜ್ಞಾನ ಓದಿದ ಮಕ್ಕಳಿರುವ ಮನೆಗಳಲ್ಲಿ, ಒಂದೇ ಚರ್ಚೆ. ಮಗನನ್ನೋ ಮಗಳನ್ನೋ ಧಾರವಾಡಕ್ಕೆ ಕ್ರ್ಯಾಷ್ ಕೋರ್ಸ್‌ಗೆ ಕಳಿಸಬೇಕೇ, ಮನೆಯಲ್ಲೇ ಓದಿಸಬೇಕೇ? ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ, ದೂರ. ಆಸ್ಪತ್ರೆಗೆ, ಪೇಟೆಗೆ, ಕಾಲೇಜಿಗೆ ಈ ಭಾಗದ ಜನ ಮುಖ ಮಾಡುವುದು ಬಯಲುಸೀಮೆಯ ಧಾರವಾಡದ ಕಡೆಗೇ. ಹಾಸ್ಟೆಲ್ಲು, ಊಟ, ಫೀಸು ಎಲ್ಲ ಸೇರಿದರೆ ಆ ಒಂದು ತಿಂಗಳ ಖರ್ಚು ಸಣ್ಣ ಹಿಡುವಳಿಯ ಮನೆಗೆ ಹಗುರವಲ್ಲ. ಕಬ್ಬಿನ ಬಿಲ್ಲು ಕೈಗೆ ಬಂದಿದ್ದರೆ ಒಂದು ಮಾತು, ಬಾರದಿದ್ದರೆ ಇನ್ನೊಂದು.

ಸಮಯವಂತೂ ಇರುವುದೇ ಅಷ್ಟು. 2024ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 22ಕ್ಕೆ ಮುಗಿದರೆ ಸಿಇಟಿ ಏಪ್ರಿಲ್ 18 ಮತ್ತು 19ರಂದು ನಡೆಯಿತು. 2025ರಲ್ಲಿ ಮಾರ್ಚ್ 20ಕ್ಕೆ ಪರೀಕ್ಷೆ ಮುಗಿದು ಏಪ್ರಿಲ್ 16, 17ಕ್ಕೆ ಸಿಇಟಿ ಬಂತು. ಎರಡು ವರ್ಷವೂ ನಡುವೆ ಸಿಕ್ಕಿದ್ದು ಸುಮಾರು ನಾಲ್ಕು ವಾರ. ನೀಟ್ ಬರೆಯುವವರಿಗೆ ಇನ್ನೂ ಎರಡೂವರೆ ವಾರ ಹೆಚ್ಚು. ಎರಡು ವರ್ಷ ಓದಿದ ನಾಲ್ಕು ವಿಷಯಗಳನ್ನು ಈ ನಾಲ್ಕು ವಾರದಲ್ಲಿ ಬೇರೊಂದು ಬಗೆಯ ಪರೀಕ್ಷೆಗೆ ಹೊಂದಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಇಲ್ಲಿ ಎಲ್ಲ ಕಡೆಯಿಂದ ನೋಡಬೇಕೆಂದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯ ಮಕ್ಕಳು ಸಿಇಟಿಯಲ್ಲಿ ಹಿಂದೆ ಬೀಳುವುದು ಏಪ್ರಿಲ್‌ನಲ್ಲಿ ಕೋಚಿಂಗ್ ಸಿಗದೆ ಅಲ್ಲ, ಪ್ರಥಮ ಪಿಯುಸಿಯ ವರ್ಷ ಕೈಜಾರಿ ಹೋಗಿರುವುದರಿಂದ.

ಈ ಪರೀಕ್ಷೆ ಹುಟ್ಟಿದ ಹಿನ್ನೆಲೆಯನ್ನು ಇಂದಿನ ಪಾಲಕರು ಮರೆತಿದ್ದಾರೆ. ಎಂಬತ್ತರ ದಶಕದಲ್ಲಿ ಕರ್ನಾಟಕ ಕ್ಯಾಪಿಟೇಶನ್ ಶುಲ್ಕಕ್ಕೆ ಕುಖ್ಯಾತವಾಗಿತ್ತು. ಅದನ್ನು ನಿಷೇಧಿಸುವ ಕಾಯ್ದೆ 1984ರಲ್ಲೇ ಬಂದರೂ ಖಾಸಗಿ ಕಾಲೇಜಿನ ಸೀಟು ಹಣವಂತರ ಮನೆಯ ದಾರಿಯನ್ನೇ ಹಿಡಿಯುತ್ತಿತ್ತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳನ್ನೂ ಅರ್ಹತೆಯ ಮೇಲೆ ಹಂಚಬೇಕು, ಅರ್ಧದಷ್ಟು ಸೀಟು ಕಡಿಮೆ ಶುಲ್ಕದವಾಗಬೇಕು ಎಂದಿತು. ಅದರ ಬೆನ್ನಿಗೆ 1994ರಲ್ಲಿ ರಾಜ್ಯದ ಸಿಇಟಿ ಘಟಕ ಹುಟ್ಟಿಕೊಂಡಿತು. ಇಂದಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅದರ ಮುಂದುವರಿಕೆ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಆ ವ್ಯವಸ್ಥೆಯನ್ನು ಸಡಿಲಿಸಿತು, ಖಾಸಗಿ ಕಾಲೇಜುಗಳ ಒಕ್ಕೂಟ ಕಾಮೆಡ್‌ಕೆ ಎಂಬ ತನ್ನದೇ ಪರೀಕ್ಷೆ ಮಾಡಿಕೊಂಡಿತು. ಇಷ್ಟಾದರೂ ಮೂವತ್ತು ವರ್ಷಗಳಲ್ಲಿ ರೈತರ, ಶಿಕ್ಷಕರ, ಬಸ್ ಕಂಡಕ್ಟರುಗಳ ಮಕ್ಕಳು ಸರ್ಕಾರಿ ಶುಲ್ಕದಲ್ಲಿ ಎಂಜಿನಿಯರು, ಡಾಕ್ಟರು ಆದದ್ದು ಈ ಬಾಗಿಲಿನಿಂದ. ಸಿಇಟಿಯನ್ನು ಬರೀ ಕಾಟವೆಂದು ಬೈಯುವವರ ಜೊತೆ ಅದಕ್ಕೇ ನಾನು ದನಿಗೂಡಿಸಲಾರೆ. ಅದಿಲ್ಲದ ಕಾಲದಲ್ಲಿ ತೇರಗಾಂವದ ಹುಡುಗಿಯೊಬ್ಬಳಿಗೆ ಖಾಸಗಿ ಕಾಲೇಜಿನ ಬಾಗಿಲು ತಟ್ಟುವ ಧೈರ್ಯವಾದರೂ ಎಲ್ಲಿತ್ತು?

ಪರೀಕ್ಷೆಯ ಸ್ವರೂಪ ಸರಳ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ ಒಂದೊಂದು ಪತ್ರಿಕೆ, ಎರಡು ದಿನ. ಪ್ರತಿ ಪತ್ರಿಕೆಯಲ್ಲಿ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಎಂದರೆ ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡ್, ಉತ್ತರ ಹಾಳೆಯಲ್ಲಿ ಖಾಲಿ ಬಿಟ್ಟ ಪ್ರತಿ ಗುಂಡಿಯೂ ನೇರ ನಷ್ಟ. ನೀಟ್‌ನ ಲೆಕ್ಕ ಬೇರೆ. 180 ಪ್ರಶ್ನೆಗೆ 180 ನಿಮಿಷ, ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ, ಒಟ್ಟು 720. ಅದರಲ್ಲಿ ಅರ್ಧ ಪ್ರಶ್ನೆಗಳು ಜೀವಶಾಸ್ತ್ರದವು. ಜೆಇಇ ಮುಖ್ಯ ಪರೀಕ್ಷೆಯಲ್ಲಿ 75 ಪ್ರಶ್ನೆಗೆ ಮೂರು ತಾಸು. ಸಮಯ ಧಾರಾಳವಾಗಿ ಕಂಡರೂ ಪ್ರಶ್ನೆಗಳು ಗಟ್ಟಿ. ಮೂರಕ್ಕೂ ಪಠ್ಯ ಬಹುಪಾಲು ಒಂದೇ, ಎನ್‌ಸಿಇಆರ್‌ಟಿಯ ಪುಸ್ತಕ. ಕರ್ನಾಟಕ 2012-13ರಿಂದ ಪಿಯುಸಿ ವಿಜ್ಞಾನಕ್ಕೆ ಆ ಪಠ್ಯಕ್ರಮವನ್ನೇ ತಂದುಕೊಂಡಿದೆ. ಹಾಗಾಗಿ ಸಿಇಟಿಗೆ ಬೇರೆಯೇ ಪುಸ್ತಕ ಬೇಕು ಎನ್ನುವ ಮಾತಿನಲ್ಲಿ ಹುರುಳಿಲ್ಲ. ಬೇರೆಯಾಗಿರುವುದು ಪ್ರಶ್ನೆ ಕೇಳುವ ರೀತಿ.

ಭೌತಶಾಸ್ತ್ರದಲ್ಲಿ ಯಂಗ್‌ನ ಜೋಡಿ ಸೀಳಿನ ಪ್ರಯೋಗವನ್ನೇ ತೆಗೆದುಕೊಳ್ಳಿ. ಬೋರ್ಡ್ ಪರೀಕ್ಷೆ ಪಟ್ಟಿಯ ಅಗಲದ ಸೂತ್ರವನ್ನು ಚಿತ್ರ ಬರೆದು ಸಾಧಿಸಲು ಹೇಳುತ್ತದೆ. ಐದು ಅಂಕ, ಹತ್ತು ನಿಮಿಷ. ಸಿಇಟಿಯಲ್ಲಿ ಅದೇ ಪಾಠದಿಂದ ಬರುವ ಪ್ರಶ್ನೆ ಹೀಗಿರಬಹುದು: ಇಡೀ ಉಪಕರಣವನ್ನು ನೀರಿನಲ್ಲಿ ಮುಳುಗಿಸಿದರೆ ಪಟ್ಟಿಯ ಅಗಲ ಎಷ್ಟಾಗುತ್ತದೆ? ನೀರಿನಲ್ಲಿ ಬೆಳಕಿನ ತರಂಗದೂರ ಕುಗ್ಗುತ್ತದೆ, ನೀರಿನ ವಕ್ರೀಭವನ ಸೂಚ್ಯಂಕ ಮೂರರ ಮೇಲೆ ನಾಲ್ಕು, ಹಾಗಾಗಿ ಅಗಲ ಮುಕ್ಕಾಲಿಗೆ ಇಳಿಯುತ್ತದೆ. ಸಾಧನೆಯನ್ನು ಬಾಯಿಪಾಠ ಮಾಡಿದವರಿಗೆ ಇಲ್ಲಿ ದಾರಿ ಕಾಣದು. ಸೂತ್ರದಲ್ಲಿ ತರಂಗದೂರ ಯಾಕೆ ಮೇಲಿದೆ, ಸೀಳುಗಳ ಅಂತರ ಯಾಕೆ ಕೆಳಗಿದೆ ಎಂದು ಒಮ್ಮೆ ಯೋಚಿಸಿದವರಿಗೆ ಇಪ್ಪತ್ತು ಸೆಕೆಂಡ್ ಸಾಕು. ಗಣಿತದಲ್ಲಿಯೂ ಹೀಗೆಯೇ. ನಿಶ್ಚಿತ ಅನುಕಲನದ ಒಂದು ಗುಣವನ್ನು ಸಾಧಿಸಿ, ಅದನ್ನು ಬಳಸಿ ಸೊನ್ನೆಯಿಂದ ಪೈ ಬೈ ಎರಡರವರೆಗಿನ ಒಂದು ಬೆಲೆ ಕಂಡುಹಿಡಿಯಿರಿ ಎಂದು ಬೋರ್ಡ್ ಪತ್ರಿಕೆ ಕೇಳುತ್ತದೆ. ಅಂಶದಲ್ಲಿ ಸೈನ್‌ನ ವರ್ಗಮೂಲ, ಛೇದದಲ್ಲಿ ಸೈನ್ ಮತ್ತು ಕೊಸೈನ್ ವರ್ಗಮೂಲಗಳ ಮೊತ್ತ. ವರ್ಗಮೂಲದ ಬದಲು ಯಾವ ಘಾತ ಹಾಕಿದರೂ ಉತ್ತರ ಪೈ ಬೈ ನಾಲ್ಕೇ ಎಂಬುದನ್ನು ಗಮನಿಸಿದ ವಿದ್ಯಾರ್ಥಿ ಸಿಇಟಿಯಲ್ಲಿ ಪ್ರಶ್ನೆ ಓದುತ್ತಿದ್ದಂತೆಯೇ ಗುರುತು ಹಾಕುತ್ತಾಳೆ. ಗಮನಿಸದವಳು ಮೂರು ನಿಮಿಷ ಲೆಕ್ಕ ಮಾಡಿ ಮುಂದಿನ ಎರಡು ಪ್ರಶ್ನೆಗಳ ಸಮಯವನ್ನೂ ಕಳೆದುಕೊಳ್ಳುತ್ತಾಳೆ.

ಸಿಇಟಿಗೆ ಬೇಕಾದ ಜ್ಞಾನ ಪಿಯುಸಿಯದೇ, ಆದರೆ ಅದು ಆಳದಲ್ಲಿ ಕೂತಿರಬೇಕು. ಆಳವೆಂಬುದು ಏಪ್ರಿಲ್‌ನಲ್ಲಿ ಬರುವುದಿಲ್ಲ. 2023ರಿಂದ ಪಿಯುಸಿ ಪತ್ರಿಕೆಗಳಲ್ಲೂ ಬಹುಆಯ್ಕೆಯ ಪ್ರಶ್ನೆಗಳು ಸೇರಿದ್ದರಿಂದ ಮಕ್ಕಳಿಗೆ ಆ ಬಗೆಯ ಅಭ್ಯಾಸ ಸ್ವಲ್ಪ ಸಿಗುತ್ತಿದೆ, ಅದು ಒಳ್ಳೆಯದೇ ಆಯಿತು. ಆದರೆ ಅವು ಬಹುಪಾಲು ನೆನಪಿನ ಪ್ರಶ್ನೆಗಳು, ಪಾಠದ ಒಂದು ವಾಕ್ಯವನ್ನು ನೇರವಾಗಿ ಎತ್ತಿದವು.

ಈಗ ಪ್ರಥಮ ಪಿಯುಸಿಯ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಎಲ್ಲರೂ ಇದನ್ನು ಬಿಟ್ಟೇ ಮಾತಾಡುತ್ತಾರೆ. ಸಿಇಟಿಯ ಪಠ್ಯಕ್ರಮದಲ್ಲಿ ಎರಡೂ ವರ್ಷದ ಪಾಠಗಳಿವೆ. ಆದರೆ ಅಂಕಪಟ್ಟಿಯಲ್ಲಿ ಬೆಲೆ ಇರುವುದು ಎರಡನೇ ವರ್ಷಕ್ಕೆ. ಪ್ರಥಮ ಪಿಯುಸಿ ಪಾಸಾದರೆ ಸಾಕು ಎಂಬುದು ವಿದ್ಯಾರ್ಥಿಯ ಮನಸ್ಸಿನಲ್ಲೂ ಇರುತ್ತದೆ, ಎಷ್ಟೋ ಸಲ ಕಾಲೇಜಿನ ವೇಳಾಪಟ್ಟಿಯಲ್ಲೂ ಇರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜು ಸೇರುವಷ್ಟರಲ್ಲಿ ಮಳೆಗಾಲ ಹಿಡಿದಿರುತ್ತದೆ. ಹಳಿಯಾಳದ ಸುತ್ತಮುತ್ತ ಅದು ನಾಟಿಯ ಹೊತ್ತು, ಮನೆಯಲ್ಲಿ ಕೈ ಬೇಕು. ಆ ಮೊದಲ ತಿಂಗಳುಗಳಲ್ಲೇ ಸದಿಶಗಳು, ಚಲನೆಯ ಸಮೀಕರಣಗಳು, ಮೋಲ್ ಪರಿಕಲ್ಪನೆ, ತ್ರಿಕೋನಮಿತಿ ಮುಗಿದು ಹೋಗಿರುತ್ತವೆ. ಮುಂದಿನ ಎಲ್ಲವೂ ನಿಂತಿರುವುದು ಈ ನಾಲ್ಕರ ಮೇಲೆ. ಸದಿಶ ತಿಳಿಯದವನಿಗೆ ದ್ವಿತೀಯ ಪಿಯುಸಿಯ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಬರೀ ಅಕ್ಷರಗಳ ಸಾಲು. ಮೋಲ್ ಕೈವಶವಾಗದೆ ದ್ರಾವಣಗಳ ಪಾಠ ಇಳಿಯದು. ಸಾವಯವ ರಸಾಯನದ ಮೂಲತತ್ವಗಳು ಮೊದಲ ವರ್ಷದಲ್ಲಿವೆ, ಪ್ರತಿಕ್ರಿಯೆಗಳೆಲ್ಲ ಎರಡನೆಯದರಲ್ಲಿ. ಮೂಲ ಬಿಟ್ಟವರು ನೂರಾರು ಪ್ರತಿಕ್ರಿಯೆಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯುತ್ತಾರೆ, ಏಪ್ರಿಲ್ ಹೊತ್ತಿಗೆ ಮರೆಯುತ್ತಾರೆ.

ಇದಕ್ಕೆ ಭಾಷೆಯ ಭಾರವೂ ಸೇರುತ್ತದೆ. ತೇರಗಾಂವ, ಹಳಿಯಾಳದ ಮನೆಗಳಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲ ಕೇಳಿಸುತ್ತವೆ. ಸಿದ್ದಿಗಳು, ಗೌಳಿಗಳು, ಜೋಯಿಡಾದ ಕುಣಬಿಗಳು ತಂತಮ್ಮ ಮನೆಮಾತಿನಿಂದ ಶಾಲೆಯ ಕನ್ನಡಕ್ಕೋ ಮರಾಠಿಗೋ ಬಂದವರು. ಹತ್ತು ವರ್ಷ ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಎಂದು ಕಲಿತ ಮಗು ಹನ್ನೊಂದನೇ ವರ್ಷ ಒಮ್ಮೆಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕು. ವಿಷಯ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದ ಸ್ಥಿತಿ ಅದು. ಜಾಣ ಮಕ್ಕಳು ಆರೇಳು ತಿಂಗಳಲ್ಲಿ ದಾಟುತ್ತಾರೆ, ಆದರೆ ಅಷ್ಟರಲ್ಲಿ ಪ್ರಥಮ ವರ್ಷ ಮುಗಿದಿರುತ್ತದೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತಿದೆ, ಜೆಇಇ ಮುಖ್ಯ ಪರೀಕ್ಷೆ 2021ರಿಂದ. ಆದರೂ ಕನ್ನಡ ಆರಿಸಿಕೊಳ್ಳುವವರು ಅತಿ ಕಡಿಮೆ. ಪಾಠ ಇಂಗ್ಲಿಷಿನಲ್ಲಿ, ಅಭ್ಯಾಸದ ಪುಸ್ತಕ ಇಂಗ್ಲಿಷಿನಲ್ಲಿ, ಪರೀಕ್ಷೆ ಮಾತ್ರ ಕನ್ನಡದಲ್ಲಿ ಎಂದರೆ ಯಾರಿಗೆ ಧೈರ್ಯ ಬರುತ್ತದೆ? ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ರೂಪವೇ ಅಂತಿಮ ಎಂಬ ನಿಯಮವೂ ಇದೆ. ನನ್ನ ಸಲಹೆ ಕೇಳಿದರೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ಪ್ರತಿ ವಿಷಯದ ಇನ್ನೂರು ಪದಗಳನ್ನು ಕನ್ನಡ ಒಂದು ಕಡೆ, ಇಂಗ್ಲಿಷ್ ಒಂದು ಕಡೆ ಬರೆದುಕೊಂಡು ಕಾಲೇಜು ಸೇರುವುದು ಹಳ್ಳಿಯ ಮಗುವಿಗೆ ಯಾವ ಕ್ರ್ಯಾಷ್ ಕೋರ್ಸ್‌ಗಿಂತಲೂ ದೊಡ್ಡ ಸಹಾಯ. ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಮನಸ್ಸು ಮಾಡಿದರೆ ಎರಡು ವಾರದ ಕೆಲಸ.

ಅಂಕಗಳ ಲೆಕ್ಕಕ್ಕೆ ಬರೋಣ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕದಿಂದ ಅರ್ಧ, ಸಿಇಟಿಯ ಅದೇ ಮೂರು ವಿಷಯಗಳಿಂದ ಅರ್ಧ. ಪಿಯುಸಿಯಲ್ಲಿ ಒಟ್ಟು 300, ಸಿಇಟಿಯಲ್ಲಿ 180 ಎಂದಿಟ್ಟುಕೊಂಡರೆ ಸಿಇಟಿಯ ಒಂದು ಪ್ರಶ್ನೆ ಪಿಯುಸಿಯ ಒಂದೂ ಮುಕ್ಕಾಲು ಅಂಕಕ್ಕೆ ಹತ್ತಿರ ತೂಗುತ್ತದೆ. ಪಿಯುಸಿಯಲ್ಲಿ ಶೇ 90, ಸಿಇಟಿಯಲ್ಲಿ ಶೇ 50 ತೆಗೆದವನ ಒಟ್ಟು 70 ಆಗುತ್ತದೆ. ಪಿಯುಸಿಯಲ್ಲಿ ಶೇ 80, ಸಿಇಟಿಯಲ್ಲಿ ಶೇ 70 ತೆಗೆದವಳದು 75. ಪಿಯುಸಿಯಲ್ಲಿ ಚೆನ್ನಾಗಿ ಓದುವವರೆಲ್ಲ ಶೇ 85ರಿಂದ 98ರ ನಡುವೆ ಒತ್ತಾಗಿ ನಿಂತಿರುತ್ತಾರೆ, ಸಿಇಟಿಯಲ್ಲಿ ಹರಡಿಕೊಳ್ಳುತ್ತಾರೆ. ರ‍್ಯಾಂಕ್ ನಿರ್ಧಾರವಾಗುವುದು ಆ ಹರಹಿನಲ್ಲಿ. ಹಾಗೆಂದು ಪಿಯುಸಿಯನ್ನು ಕಡೆಗಣಿಸಿ ಸಿಇಟಿಗಷ್ಟೇ ಓದುವುದೂ ಮೂರ್ಖತನ, ಅರ್ಧ ತೂಕ ಅಲ್ಲಿದೆ. ಈ ಅರ್ಧ-ಅರ್ಧದ ಸೂತ್ರ ಎಷ್ಟು ಮುಖ್ಯ ಎಂಬುದು ಕೋವಿಡ್ ಕಾಲದಲ್ಲಿ ತಿಳಿಯಿತು. 2021ರಲ್ಲಿ ಪಿಯುಸಿ ಪರೀಕ್ಷೆಯೇ ನಡೆಯದೆ ಸಿಇಟಿ ಅಂಕದ ಮೇಲಷ್ಟೇ ರ‍್ಯಾಂಕ್ ಕೊಟ್ಟರು. ಮರುವರ್ಷ ಅದೇ ತಂಡದ ಸುಮಾರು 24 ಸಾವಿರ ಮಕ್ಕಳು ಮತ್ತೆ ಸಿಇಟಿ ಬರೆದಾಗ ಪರೀಕ್ಷೆಯಿಲ್ಲದೆ ಬಂದ ಅವರ ಪಿಯುಸಿ ಅಂಕ ಎಣಿಸಬೇಕೇ ಬೇಡವೇ ಎಂಬ ಜಗಳ ಹೈಕೋರ್ಟಿಗೆ ಹೋಯಿತು. ಅದು ಇತ್ಯರ್ಥವಾಗುವವರೆಗೆ ಲಕ್ಷಾಂತರ ಮನೆಗಳು ಕಾದು ಕುಳಿತವು.

2024ರ ಘಟನೆ ಇನ್ನೂ ಹೆಚ್ಚು ಕಲಿಸಿತು. ಎನ್‌ಸಿಇಆರ್‌ಟಿ ಪಠ್ಯವನ್ನು ಕಡಿತ ಮಾಡಿತ್ತು, ರಾಜ್ಯವೂ 2023-24ರಲ್ಲಿ ಅದನ್ನೇ ಅನುಸರಿಸಿತ್ತು. ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರುಗಳು, ಗಣಿತೀಯ ಅನುಗಮನದಂಥ ಅಧ್ಯಾಯಗಳು ಬಿಟ್ಟುಹೋಗಿದ್ದವು. ಸಿಇಟಿ ಪತ್ರಿಕೆಯಲ್ಲಿ ಬಿಟ್ಟ ಪಾಠಗಳ ಪ್ರಶ್ನೆಗಳೂ ಬಂದವು. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳು ಕಂಗಾಲಾದರು, ಪಾಲಕರು ಬೀದಿಗಿಳಿದರು. ಕೊನೆಗೆ ನಾಲ್ಕು ಪತ್ರಿಕೆಗಳ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆ ನಿರ್ಧಾರ ಸರಿಯಾದದ್ದೇ. ಆದರೆ ಆ ಪ್ರಶ್ನೆಗಳ ಜೊತೆ ಗುದ್ದಾಡುತ್ತ ಮಕ್ಕಳು ಕಳೆದುಕೊಂಡ ನಿಮಿಷಗಳನ್ನು ಯಾವ ಆದೇಶವೂ ಹಿಂದಿರುಗಿಸಲಿಲ್ಲ. ಪಾಠ ಮಾಡುವ ಇಲಾಖೆ, ಪರೀಕ್ಷೆ ಮಾಡುವ ಪ್ರಾಧಿಕಾರ ಒಂದೇ ಸರ್ಕಾರದವು; ಅವುಗಳ ಪಠ್ಯಪಟ್ಟಿ ಒಂದೇ ಆಗಿರಬೇಕು ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ತಯಾರಿಗೆ ಸಂಬಂಧಿಸಿದಂತೆ ಇದರಿಂದ ಒಂದು ಎಚ್ಚರಿಕೆಯಿದೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಈಗಿನ ಪಠ್ಯಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಬಿಟ್ಟುಹೋದ ಅಧ್ಯಾಯದ ಪ್ರಶ್ನೆಗಳನ್ನು ಮೊದಲೇ ಅಡ್ಡಗೆರೆ ಎಳೆದು ಹೊಡೆದುಹಾಕಬೇಕು. ನೀಟ್‌ಗೆ ಕೂರುವವರು ಇದನ್ನು ತಿರುಗಿಸಿಯೂ ನೋಡಬೇಕು: ಪಿ-ಬ್ಲಾಕ್ ಧಾತುಗಳು ಎನ್‌ಸಿಇಆರ್‌ಟಿ ಪುಸ್ತಕದಿಂದ ಹೋದರೂ ನೀಟ್ ಪಠ್ಯಕ್ರಮದಲ್ಲಿ ಉಳಿದುಕೊಂಡವು. ಅಣ್ಣನದೋ ಅಕ್ಕನದೋ ಹಳೆಯ ಪುಸ್ತಕ ಮನೆಯಲ್ಲಿದ್ದರೆ ರದ್ದಿಗೆ ಹಾಕಬಾರದು.

ನಮ್ಮ ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಗೊತ್ತಿರುವಂತೆ, ಅಲ್ಲಿ ಹೈಸ್ಕೂಲಿನಲ್ಲಿ ಎಪಿ ಎಂಬ ಮೇಲ್ಮಟ್ಟದ ಕೋರ್ಸುಗಳಿವೆ. ಅದರ ಪರೀಕ್ಷೆ ಮೇ ತಿಂಗಳಲ್ಲಿ. ಒಳ್ಳೆಯ ವಿಶ್ವವಿದ್ಯಾಲಯಕ್ಕೆ ಹೋಗಬಯಸುವವರು ಜೂನ್ ಮೊದಲಲ್ಲಿ ಅದೇ ವಿಷಯದ ಸ್ಯಾಟ್ ಸಬ್ಜೆಕ್ಟ್ ಟೆಸ್ಟ್ ಬರೆಯುತ್ತಿದ್ದರು. ಒಂದು ತಾಸು, ಬಹುಆಯ್ಕೆಯ ಪ್ರಶ್ನೆಗಳು, 800ಕ್ಕೆ ಅಂಕ. ನಡುವೆ ಅಲ್ಲೂ ನಾಲ್ಕು ವಾರ! ಮೇಲ್ಮಟ್ಟದ ಕೋರ್ಸ್ ಮುಗಿಸಿದವರಿಗೆ ಈ ಪರೀಕ್ಷೆ ಸುಲಭ ಎಂದು ಕಂಡರೂ ಅಲ್ಲೊಂದು ತೊಡಕಿತ್ತು. ಎಪಿ ಭೌತಶಾಸ್ತ್ರದ ಅತಿ ಕಠಿಣ ಕೋರ್ಸಿನಲ್ಲಿ ಯಂತ್ರಶಾಸ್ತ್ರ ಮತ್ತು ವಿದ್ಯುತ್ಕಾಂತತೆ ಮಾತ್ರ. ಟೆಸ್ಟ್‌ನಲ್ಲಿ ಉಷ್ಣ, ತರಂಗ, ಬೆಳಕು, ಆಧುನಿಕ ಭೌತಶಾಸ್ತ್ರ ಎಲ್ಲವೂ ಇರುತ್ತಿತ್ತು. ಆಳವಾಗಿ ಓದಿದ ಮಗುವೂ ಓದದ ಪಾಠಗಳನ್ನು ನಾಲ್ಕು ವಾರದಲ್ಲಿ ತುಂಬಿಕೊಳ್ಳಬೇಕಿತ್ತು. ನಮ್ಮ ಮಕ್ಕಳಿಗೆ ಪ್ರಥಮ ಪಿಯುಸಿ ತಂದೊಡ್ಡುವ ಕಷ್ಟವೂ ಇದೇ. 2021ರ ಜನವರಿಯಲ್ಲಿ ಕಾಲೇಜ್ ಬೋರ್ಡ್ ಆ ವಿಷಯವಾರು ಟೆಸ್ಟ್‌ಗಳನ್ನು ನಿಲ್ಲಿಸಿಬಿಟ್ಟಿತು. ಎಪಿ ಪರೀಕ್ಷೆ ಬಹಳಷ್ಟು ಮಕ್ಕಳಿಗೆ ಸಿಗುತ್ತಿರುವಾಗ ಇನ್ನೊಂದು ಯಾಕೆ ಎಂಬುದು ಅದರ ವಾದ. ಅಲ್ಲಿ ನಿಲ್ಲಿಸಿದ ಮರುವರ್ಷವೇ, 2022ರಲ್ಲಿ, ಭಾರತದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಬಂತು. ಕಲೆ, ವಾಣಿಜ್ಯ, ಭಾಷೆ ಓದುವವರಿಗೂ ಈಗ ವಿಷಯವಾರು ಪ್ರವೇಶ ಪರೀಕ್ಷೆಯಿದೆ. ಅದು ಕನ್ನಡ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ, ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಲು ಅದೇ ದಾರಿ. ನಮ್ಮ ಭಾಗದ ಕಲಾ ವಿಭಾಗದ ಮಕ್ಕಳ ಕಿವಿಗೆ ಈ ಸುದ್ದಿ ಮುಟ್ಟುವುದೇ ಅರ್ಜಿಯ ಕೊನೆಯ ದಿನ ದಾಟಿದ ಮೇಲೆ.

ವೈದ್ಯಕೀಯದ ಕಥೆ ಪ್ರತ್ಯೇಕ. 2016ರವರೆಗೆ ರಾಜ್ಯದ ಸರ್ಕಾರಿ ಕೋಟಾದ ಎಂಬಿಬಿಎಸ್ ಸೀಟೂ ಸಿಇಟಿಯಿಂದಲೇ ಸಿಗುತ್ತಿತ್ತು. 2017ರಿಂದ ಎಲ್ಲಕ್ಕೂ ನೀಟ್. ಅಲ್ಲಿ ಪಿಯುಸಿ ಅಂಕ ರ‍್ಯಾಂಕ್‌ಗೆ ಲೆಕ್ಕಕ್ಕಿಲ್ಲ. ಈ ಒಂದು ಬದಲಾವಣೆಯೇ ಕೋಚಿಂಗ್ ಉದ್ಯಮಕ್ಕೆ ನಮ್ಮ ಊರಿನ ಬಾಗಿಲು ತೆರೆಯಿತು ಎಂದು ನನ್ನ ನಂಬಿಕೆ. ಎರಡು ವರ್ಷದ ಕಾಲೇಜಿನ ಶ್ರಮಕ್ಕೆ ರ‍್ಯಾಂಕ್‌ನಲ್ಲಿ ಸೊನ್ನೆ ಬೆಲೆಯಾದರೆ, ಹಣವಿದ್ದವರು ಕಾಲೇಜನ್ನು ಹೆಸರಿಗಷ್ಟೇ ಇಟ್ಟುಕೊಂಡು ಕೋಚಿಂಗ್ ಕಡೆ ಹೋಗುವುದು ಸಹಜವೇ. ಒಂದು ವರ್ಷ ಪೂರ್ತಿ ಮನೆಯಲ್ಲಿ ಕೂತು ಮತ್ತೆ ಬರೆಯುವ ಶಕ್ತಿ ಎಷ್ಟು ರೈತ ಕುಟುಂಬಗಳಿಗಿದೆ? 2024ರಲ್ಲಿ 67 ಮಂದಿಗೆ ಪೂರ್ಣಾಂಕ ಘೋಷಣೆಯಾಗಿ, ಪ್ರಶ್ನೆಪತ್ರಿಕೆ ಸೋರಿಕೆಯ ತನಿಖೆ ಶುರುವಾದಾಗ ಕರ್ನಾಟಕ ವಿಧಾನಮಂಡಲ ಆ ವರ್ಷದ ಜುಲೈನಲ್ಲಿ ನೀಟ್ ಬೇಡವೆಂದು ನಿರ್ಣಯ ಮಾಡಿತು. ನಿರ್ಣಯ ಕಾಗದದಲ್ಲಿದೆ, ಪರೀಕ್ಷೆ ನಡೆಯುತ್ತಲೇ ಇದೆ. ಸಿಇಟಿಯ ಅರ್ಧ-ಅರ್ಧದ ಪದ್ಧತಿ, ಎಷ್ಟೇ ಕೊರತೆಯಿದ್ದರೂ, ನೀಟ್‌ಗಿಂತ ನ್ಯಾಯವಾದದ್ದು. ಕಾಲೇಜಿಗೆ ದಿನಾ ಹೋದವರ ಶ್ರಮಕ್ಕೆ ಅದು ಬೆಲೆ ಕೊಡುತ್ತದೆ.

ಮೀಸಲಾತಿಯ ಎರಡು ಅಂಶ ತೇರಗಾಂವದ ಪ್ರತಿ ಪಾಲಕರಿಗೂ ಗೊತ್ತಿರಬೇಕು. ಸಿಇಟಿ ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ಹತ್ತು ವರ್ಷವೂ ಪೂರ್ತಿ ಆಗಬೇಕು, ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಮಗುವಿಗೆ ಇಂಗ್ಲಿಷ್ ಬರಲಿ ಎಂದು ಮೂರನೇ ತರಗತಿಗೆ ವ್ಯಾನು ಹತ್ತಿಸಿ ಹಳಿಯಾಳ ಪುರಸಭೆ ವ್ಯಾಪ್ತಿಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಕಳಿಸಿದ ದಿನ ಆ ಮನೆ ಎರಡೂ ಮೀಸಲನ್ನು ಬಿಟ್ಟುಕೊಡುತ್ತದೆ. ಹತ್ತು ವರ್ಷದ ನಂತರ ಸಿಗಬಹುದಾದ ಒಂದು ಸರ್ಕಾರಿ ಶುಲ್ಕದ ಸೀಟನ್ನು ಅಂದು ಯಾರೂ ಎಣಿಸುವುದಿಲ್ಲ. ಊರ ಶಾಲೆಯ ಮೇಷ್ಟ್ರು ಒಂದು ಪಾಲಕರ ಸಭೆಯಲ್ಲಿ ಇದನ್ನು ವಿವರಿಸಿದರೆ ಎಷ್ಟೋ ಮನೆಗಳ ನಿರ್ಧಾರ ಬದಲಾದೀತು. ಮರಾಠಿ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲು ಇಲ್ಲ, ಗ್ರಾಮೀಣ ಮೀಸಲು ಇದೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಉತ್ತರ ಕನ್ನಡದ ಸಿದ್ದಿಗಳ ಮಕ್ಕಳು ವಿಜ್ಞಾನ ವಿಭಾಗದವರೆಗೆ ಬಂದರೆ ಅವರಿಗೆ ಆ ಪಂಗಡದ ಮೀಸಲಿನ ಬಾಗಿಲೂ ತೆರೆದಿದೆ. ಅಲ್ಲಿಯವರೆಗೆ ಅವರನ್ನು ಕರೆತರುವುದೇ ದೊಡ್ಡ ಕೆಲಸ.

ಕೃಷಿ ಕೋರ್ಸುಗಳನ್ನು ನಮ್ಮವರು ಕಡೆಗಣಿಸುತ್ತಾರೆ. ಬಿಎಸ್ಸಿ ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರದಂಥ ಪದವಿಗಳಿಗೂ ಸಿಇಟಿಯೇ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ, ಬೆಳೆ, ಬೀಜ, ಸಲಕರಣೆಗಳ ಪರಿಚಯವನ್ನು ನೇರವಾಗಿ ನೋಡುವ ಪ್ರಾಯೋಗಿಕ ಪರೀಕ್ಷೆಯಿದೆ. ಭತ್ತ, ಕಬ್ಬು, ಗೋವಿನಜೋಳದ ನಡುವೆ ಬೆಳೆದ ಮಗು ಪೇಟೆಯ ಮಗುವಿಗಿಂತ ಮುಂದಿರುವ ಒಂದೇ ಪರೀಕ್ಷೆ ಅದು! ಅರಣ್ಯ ಮಹಾವಿದ್ಯಾಲಯ ನಮ್ಮದೇ ಜಿಲ್ಲೆಯ ಶಿರಸಿಯಲ್ಲಿದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ.

ಹಾಗಾದರೆ ಆ ನಾಲ್ಕು ವಾರ ಏನು ಮಾಡಬೇಕು? ನನ್ನ ದೃಷ್ಟಿಯಲ್ಲಿ ಮೊದಲ ಹತ್ತು ದಿನ ಪ್ರಥಮ ಪಿಯುಸಿಗೆ ಮೀಸಲು. ಎರಡನೇ ವರ್ಷದ್ದು ಮಾರ್ಚ್‌ವರೆಗೂ ಓದಿದ್ದೇ, ನೆನಪಿನಲ್ಲಿ ಹಸಿಯಾಗಿರುತ್ತದೆ. ಮೊದಲ ವರ್ಷದ್ದು ತುಕ್ಕು ಹಿಡಿದಿರುತ್ತದೆ. ಎಲ್ಲ ಅಧ್ಯಾಯ ಮತ್ತೆ ಓದಲು ಹೋದರೆ ಮುಗಿಯದು. ದಿನಕ್ಕೆ ಎರಡು ಅಧ್ಯಾಯ, ಪ್ರತಿಯೊಂದರಲ್ಲೂ ಪಠ್ಯಪುಸ್ತಕದ ಬಿಡಿಸಿದ ಉದಾಹರಣೆಗಳನ್ನು ಉತ್ತರ ಮುಚ್ಚಿ ಮಾಡುವುದು, ಆಮೇಲೆ ಹಳೆಯ ಸಿಇಟಿಯ ಆ ಅಧ್ಯಾಯದ ಪ್ರಶ್ನೆಗಳು. ಬಳಿಕ ದಿನಕ್ಕೊಂದು ಪೂರ್ಣ ಪತ್ರಿಕೆ, ಗಡಿಯಾರ ಇಟ್ಟು ಸರಿಯಾಗಿ 80 ನಿಮಿಷ. ಹಳೆಯ ಪತ್ರಿಕೆಗಳೂ ಉತ್ತರಸೂಚಿಗಳೂ ಪ್ರಾಧಿಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ಸುತ್ತಿನಲ್ಲಿ ಗೊತ್ತಿರುವುದು, ಎರಡನೇ ಸುತ್ತಿನಲ್ಲಿ ಲೆಕ್ಕ ಬೇಡುವುದು, ಕೊನೆಯ ಐದು ನಿಮಿಷ ಉಳಿದ ಗುಂಡಿಗಳನ್ನೆಲ್ಲ ತುಂಬಲು.

ಪತ್ರಿಕೆ ಬಿಡಿಸುವುದಕ್ಕಿಂತ ದೊಡ್ಡ ಕೆಲಸ ತಪ್ಪಿದ ಪ್ರಶ್ನೆಗಳನ್ನು ನೋಡುವುದು. ಒಂದು ನೋಟ್‌ಬುಕ್ಕಿನಲ್ಲಿ ತಪ್ಪಾದ ಪ್ರತಿ ಪ್ರಶ್ನೆಯನ್ನು ಬರೆದು, ಪಾಠ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಲೆಕ್ಕ ತಪ್ಪಿತೇ, ಪ್ರಶ್ನೆಯೇ ಅರ್ಥವಾಗಲಿಲ್ಲವೇ ಎಂದು ಪಕ್ಕದಲ್ಲಿ ಗುರುತು ಹಾಕಬೇಕು. ಒಂದು ವಾರದಲ್ಲಿ ಯಾವ ಗುರುತು ಹೆಚ್ಚಿದೆ ಎಂದು ತಾನಾಗಿ ಕಾಣುತ್ತದೆ, ಮುಂದಿನ ವಾರ ಏನು ಮಾಡಬೇಕೆಂಬುದೂ. ಹಳ್ಳಿಯ ಮಗುವಿಗೆ ಕೊರತೆಯಾಗಿ ಕಾಡುವುದು ಇಲ್ಲಿಯೇ: ಉತ್ತರ ಯಾಕೆ ತಪ್ಪು ಎಂದು ಹೇಳುವವರು ಹತ್ತಿರ ಇರುವುದಿಲ್ಲ. ಕೋಚಿಂಗ್ ಸೆಂಟರು ಕೊಡುವ ಬೆಲೆಯುಳ್ಳ ವಸ್ತು ಅದೊಂದೇ, ಉಳಿದದ್ದು ಗದ್ದಲ. ಐಐಟಿ ಕಾನ್ಪುರ ನಡೆಸುವ ಸಾಥಿ ಎಂಬ ಉಚಿತ ಆನ್‌ಲೈನ್ ವೇದಿಕೆಯಲ್ಲಿ ಪಾಠಗಳೂ ಅಣಕು ಪರೀಕ್ಷೆಗಳೂ ಇವೆ. ಆದರೆ ಎದುರಿಗೆ ಕೂತು ಅನುಮಾನ ಬಿಡಿಸುವವರಿಗೆ ಅದು ಸಾಟಿಯಲ್ಲ.

ಅದಕ್ಕೆ ಊರಿನಲ್ಲೇ ದಾರಿಯಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರು, ಇಂಟರ್ನೆಟ್ಟು ಬಂದಿವೆ. ಏಪ್ರಿಲ್‌ನ ಒಂದು ತಿಂಗಳು ಅದು ರಾತ್ರಿ ಒಂಬತ್ತರವರೆಗೆ ತೆರೆದಿದ್ದು, ಊರಿನ ಎಂಜಿನಿಯರಿಂಗ್ ಓದುವ ಅಣ್ಣಂದಿರೋ ಬಿಎಸ್ಸಿ ಮಾಡಿದ ಅಕ್ಕಂದಿರೋ ಸಂಜೆ ಎರಡು ತಾಸು ಕೂತರೆ ಹತ್ತು ಮಕ್ಕಳಿಗೆ ಸಾಕು. ಹಳಿಯಾಳದಲ್ಲಿಯೇ 2004ರಿಂದ ಕೆಎಲ್‌ಎಸ್ ಸಂಸ್ಥೆಯ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಕಾಲೇಜಿದೆ. ಸಿಇಟಿ ಬರೆದು ಬಂದ ನೂರಾರು ವಿದ್ಯಾರ್ಥಿಗಳು ಅಲ್ಲಿದ್ದಾರೆ. ಅವರಲ್ಲಿ ಕೆಲವರು ವಾರಕ್ಕೊಮ್ಮೆ ಸುತ್ತಲಿನ ಹಳ್ಳಿಗಳಿಗೆ ಬಂದು ಪತ್ರಿಕೆ ಬಿಡಿಸಿ ತೋರಿಸುವ ಏರ್ಪಾಡು ಮಾಡಲು ಯಾರ ಅನುದಾನವೂ ಬೇಡ. 2023ರ ಜೂನ್‌ನಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಹಳಿಯಾಳಕ್ಕೆ ದಿನಾ ಹೋಗಿ ಗ್ರಂಥಾಲಯದಲ್ಲಿ ಕೂತು ಬರಲು ಅವರಿಗೆ ಚಾರ್ಜಿನ ಚಿಂತೆಯಿಲ್ಲ, ಕೊನೆಯ ಬಸ್ಸಿನ ಚಿಂತೆ ಮಾತ್ರ ಇದೆ. ಪರೀಕ್ಷೆಯ ತಿಂಗಳಲ್ಲಿ ಸಂಜೆಯ ಒಂದು ಬಸ್ಸನ್ನು ಒಂದು ತಾಸು ತಡವಾಗಿ ಬಿಡಿ ಎಂದು ಪಂಚಾಯಿತಿ ಡಿಪೋಕ್ಕೆ ಮನವಿ ಕೊಡಬಹುದು.

ರ‍್ಯಾಂಕ್ ಬಂದ ಮೇಲೂ ಒಂದು ಪರೀಕ್ಷೆ ಉಳಿದಿರುತ್ತದೆ, ಆಪ್ಷನ್ ಎಂಟ್ರಿ. ಯಾವ ಕಾಲೇಜು, ಯಾವ ವಿಭಾಗ, ಯಾವ ಕ್ರಮದಲ್ಲಿ ಎಂದು ತುಂಬುವುದು. ಸೈಬರ್ ಸೆಂಟರಿನವರ ಕೈಗೆ ಇದನ್ನು ಬಿಟ್ಟು ಬರುವ ಪಾಲಕರು ಬಹಳ. ಬೆಂಗಳೂರಿನ ಹೆಸರು ಕೇಳಿರದ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮೇಲೆ, ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಕೆಳಗೆ, ಶಿರಸಿಯ ಅರಣ್ಯ ಕಾಲೇಜು ಪಟ್ಟಿಯಲ್ಲೇ ಇಲ್ಲ ಎಂಬಂಥ ಪಟ್ಟಿಗಳು ಹಾಗೆ ತಯಾರಾಗುತ್ತವೆ. ಹಿಂದಿನ ವರ್ಷ ಯಾವ ವರ್ಗಕ್ಕೆ ಯಾವ ರ‍್ಯಾಂಕ್‌ವರೆಗೆ ಸೀಟು ಸಿಕ್ಕಿತ್ತು ಎಂಬ ಪಟ್ಟಿ ಪ್ರಾಧಿಕಾರದ ಜಾಲತಾಣದಲ್ಲಿದೆ. ಗ್ರಾಮೀಣ, ಕನ್ನಡ ಮಾಧ್ಯಮದ ಸಾಲುಗಳನ್ನೂ ಸೇರಿಸಿ ಅದನ್ನು ಮಗುವಿನ ಜೊತೆ ಕೂತು ಓದಬೇಕು, ತುಂಬುವ ಮೊದಲು.